ಕೋಡಿಯ ಕೆಳಗಿನ ಹಾಸುಬಂಡೆ

ಕಳೆದ ತಿಂಗಳು ಕೆಲಸದ ಮೇಲೆ ಶಹಾಪುರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದು ಎಣ್ಣೆ ಮಿಲ್ಲಿದೆ. ಅದರ ಮುಂದೆ ಟೆಂಪೊಗೆ ಶೇಂಗಾ ಹಿಂಡಿಯ ಚೀಲ ಏರಿಸುತ್ತಿದ್ದರು. ಇದ್ದಕ್ಕಿದ್ದಂತೆ ದಪ್ಪ ಹನಿಯ ಮಳೆ ಶುರುವಾಯಿತು. ಹಮಾಲರು ಬೈದುಕೊಳ್ಳುತ್ತ ತಾಡಪಾಲು ಎಳೆಯುವಷ್ಟರಲ್ಲಿ ಮೇಲಿನ ಚೀಲಗಳು ತೊಯ್ದು ಹೋದವು. ನಾನು ಮಿಲ್ಲಿನ ತಗಡಿನ ಕೆಳಗೆ ನಿಂತುಕೊಂಡೆ. ನೆನೆದ ಹಿಂಡಿಯ ಆ ಹುಳಿ ಹುಳಿ, ಎಣ್ಣೆ ಎಣ್ಣೆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಳೆ ನಿಂತರೂ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ಒಂದು ಮಳೆಗಾಲವಿಡೀ ನನ್ನ ಬೆರಳಿಗೆ ಇದೇ ವಾಸನೆ ಹತ್ತಿಕೊಂಡಿತ್ತು. ಹಿಂಡಿ ನೆನೆಸಿ, ಜೋಳದ ಹಿಟ್ಟು ಬೆರೆಸಿ, ಸಣ್ಣ ಸಣ್ಣ ಉಂಡೆ ಮಾಡಿ ಗಾಳಕ್ಕೆ ಚುಚ್ಚುತ್ತಿದ್ದೆ. ನನಗಾಗಿ ಅಲ್ಲ, ಮರೆಪ್ಪ ಮಾಸ್ತರರಿಗಾಗಿ.

ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಸುರಪುರದಿಂದ ಶಹಾಪುರದ ಕಡೆ ಬರುವಾಗ ಗುಡ್ಡದ ಮಗ್ಗುಲಲ್ಲಿ ಇದೆ ಎಂದರೆ ಸಾಕು. ಹೆಸರು ಎಲ್ಲರ ಬಾಯಿಗೆ ಬಿದ್ದೇ ಆಗಬಾರದ್ದೆಲ್ಲ ಆಯಿತು.

ನಾನು ಅಲ್ಲಿನ ಪಶು ಆಸ್ಪತ್ರೆಗೆ ಕಂಪೌಂಡರ್ ಆಗಿ ಹೋದದ್ದು ಒಂದು ಬೇಸಿಗೆಯ ಕೊನೆಗೆ. ಮೊದಲ ನೌಕರಿ. ಮದುವೆ ಇನ್ನೂ ಆಗಿರಲಿಲ್ಲ. ಬಾಡಿಗೆಗೆ ಕೋಣೆ ಹುಡುಕುತ್ತ ಹೋದಲ್ಲೆಲ್ಲ "ಯಾವ ಮಂದಿ ನೀವು" ಎಂಬ ಮಾತೇ ಮೊದಲು ಬರುತ್ತಿತ್ತು. ಅದನ್ನು ಕೇಳದೆ ಬಾಗಿಲು ತೆರೆದವರು ದೇವಕ್ಕ. "ಒಬ್ಬರೇ ಇರ್ತೀರೇನು? ರೊಟ್ಟಿ ಯಾರು ಬಡಿತಾರ ನಿಮಗ?" ಎಂದು ಕೇಳಿ, ತಾವೇ "ನಾನೇ ಬಡಿತೀನಿ ತಗೋರಿ" ಎಂದು ಕೀಲಿ ಕೈಗೆ ಕೊಟ್ಟರು.

ನನ್ನ ಕೋಣೆಗೂ ಅವರ ಪಡಸಾಲೆಗೂ ನಡುವೆ ಒಂದೇ ಗೋಡೆ. ಪಡಸಾಲೆಯಲ್ಲಿ ಬುದ್ಧನ ಚಿತ್ರ, ಪಕ್ಕದಲ್ಲಿ ಬಾಬಾಸಾಹೇಬರ ಚಿತ್ರ, ಅವುಗಳ ಕೆಳಗೆ ಒಂದು ಕಬ್ಬಿಣದ ಮಂಚ. ಮಂಚದ ಮೇಲೆ ದೇವಕ್ಕನ ಗಂಡ, ಮರೆಪ್ಪ ಮಾಸ್ತರರು. ಸುತ್ತಲಿನ ಹಳ್ಳಿಗಳಲ್ಲಿ ಇಡೀ ಆಯುಷ್ಯ ಪಾಠ ಹೇಳಿದವರು. ನಿವೃತ್ತಿಯಾಗುವ ಹೊತ್ತಿಗೆ ಲಕ್ವ ಹೊಡೆದು ಬಲಗೈ ಹೋಗಿತ್ತು. ಬಲಗಾಲು ಎಳೆದುಕೊಂಡು ಕೋಲಿನ ಆಸರೆಯಲ್ಲಿ ಅಷ್ಟಿಷ್ಟು ನಡೆಯುತ್ತಿದ್ದರು. ಮಾತು ಪೂರ್ತಿ ಹೋಗಿತ್ತು. ಪೂರ್ತಿ ಅಂದರೆ, ಒಂದು ಶಬ್ದ ಉಳಿದಿತ್ತು. "ಅದ." ನಮ್ಮ ಕಡೆ ಅದ ಎಂದರೆ ಇದೆ. ನೀರು ಬೇಕೆಂದರೂ ಅದ, ಸೆಕೆಯಾದರೂ ಅದ, ಸಿಟ್ಟು ಬಂದರೂ ಅದ. ಅವರಿಗೆ ಎಲ್ಲವೂ ತಿಳಿಯುತ್ತಿತ್ತು. ಪೇಪರು ಹಿಡಿದರೆ ಕಣ್ಣು ಸಾಲಿನ ಮೇಲೆ ಸರಿದಾಡುತ್ತಿತ್ತು. ಹೇಳಬೇಕೆಂದಾಗ ಮಾತ್ರ ತುಟಿ ನಡುಗಿ, ಕೊರಳ ನರ ಉಬ್ಬಿ, ಕೊನೆಗೆ ಬರುತ್ತಿದ್ದದ್ದು ಅದೊಂದೇ. ಹಾಗಾದಾಗ ಮುಖ ತಿರುಗಿಸಿ ಗೋಡೆ ನೋಡುತ್ತಿದ್ದರು.

ಕಲಬುರಗಿಯ ಡಾಕ್ಟರರು ಬಲಗೈಗೆ ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. "ಆ ಚೆಂಡು ಕಂಡ್ರ ಸಾಕು, ಇವರಿಗೆ ಮೈ ಉರೀತದ ನೋಡ್ರಿ. ನಾನೇನು ಸಣ್ಣ ಕೂಸೇನು ಅನ್ನೂ ಹಂಗ ಮಾರಿ ಮಾಡ್ತಾರ" ಎಂದು ದೇವಕ್ಕ ಒಮ್ಮೆ ನಕ್ಕರು. ನಗುವಾಗಲೂ ಸೆರಗಿನಿಂದ ಗಂಡನ ತುಟಿಯಂಚು ಒರೆಸುತ್ತಿದ್ದರು.

ಆ ವರ್ಷ ಜೂನಿನ ಮಿರಗದ ಮಳೆಯೇ ಚೆನ್ನಾಗಿ ಹಿಡಿಯಿತು. ಹೆಸರುಕಾಳು ಬಿತ್ತಿದವರು ಬಿತ್ತಿದರು, ತೊಗರಿ ಎದ್ದಿತು, ಹತ್ತಿ ಹೊಲದಲ್ಲಿ ಕಾಲಿಟ್ಟರೆ ಎರೆಮಣ್ಣು ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತಿತ್ತು. ನನಗೂ ಬಿಡುವಿರಲಿಲ್ಲ. ದನಗಳಿಗೆ ಗಂಟಲುಬೇನೆಯ ಸೂಜಿ ಹಾಕುತ್ತ ಓಣಿ ಓಣಿ ತಿರುಗುತ್ತಿದ್ದೆ. ಒಂದು ಮುಂಜಾನೆ ಊರೆಲ್ಲ ಕೆರೆಯ ಕಡೆ ಓಡುತ್ತಿತ್ತು. ಬಹಳ ವರ್ಷದ ಮೇಲೆ ಕೆರೆ ತುಂಬಿ ಕೋಡಿ ಬಿದ್ದಿತ್ತು. ಹಳೆಯ ಕಲ್ಲಿನ ಕಟ್ಟೆಯ ಮೇಲಿಂದ ನೀರು ಅಗಲವಾಗಿ ಜಾರಿ, ಕೆಳಗಿನ ಬಂಡೆಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಒಂದು ಮಡುವಿನಲ್ಲಿ ಸುಮ್ಮನಾಗಿ, ಆಮೇಲೆ ಹಳ್ಳಕ್ಕೆ ಸೇರುತ್ತಿತ್ತು. ಮಡುವಿನ ದಂಡೆಗೆ ಒಂದು ದೊಡ್ಡ ಹಾಸುಬಂಡೆ.

ಸಂಜೆ ನಾನು ಅದನ್ನೇ ದೇವಕ್ಕನಿಗೆ ವರ್ಣಿಸುತ್ತಿದ್ದೆ. ಮಂಚದ ಮೇಲಿಂದ ಮಾಸ್ತರರು "ಅದ! ಅದ!" ಎಂದರು. ಎಡಗೈಯಿಂದ ಏನನ್ನೋ ಎತ್ತಿ ಎಸೆಯುವಂತೆ ಮಾಡಿದರು. ನನಗೆ ತಿಳಿಯಲಿಲ್ಲ. ದೇವಕ್ಕನಿಗೆ ತಿಳಿಯಿತು.

"ಗಾಳ ಹಾಕೂದು ಹೇಳಾಕತ್ತಾರ್ರಿ. ನಮ್ಮ ಮದುವಿ ಆದ ಹೊಸದರಾಗ ಸಾಲಿ ಬಿಟ್ಟ ಮ್ಯಾಲ ಮನಿಗೇ ಬರ್ತಿದ್ದಿಲ್ಲ ಇವರು. ಆ ಬಂಡಿ ಮ್ಯಾಲೇ ಕುಂತಿರ್ತಿದ್ರು. ಮೀನ ಸಿಕ್ರೂ ಅಷ್ಟ, ಸಿಗದಿದ್ರೂ ಅಷ್ಟ." ಅಂಗಳದಲ್ಲಿದ್ದ ನನ್ನ ಬೈಕಿನ ಕಡೆ ನೋಡಿ ಕೇಳಿದರು, "ಬೈಕಿನ ಮ್ಯಾಲ ಕುಂದರಿಸಿದ್ರ ಬರ್ತಾರೇನ್ರಿ?"

ಮರುದಿನ ಸಂಜೆ ನನ್ನ ಹಿಂದೆ ಮಾಸ್ತರರು, ಅವರ ಹಿಂದೆ ಅವರನ್ನು ತಬ್ಬಿ ಹಿಡಿದು ದೇವಕ್ಕ. ಮೂವರೂ ಕೆರೆ ಏರಿಯ ಮೇಲೆ ಹೋದೆವು. ಊರ ಹೆಂಗಸರು ನೋಡಿ ನಕ್ಕರು. ದೇವಕ್ಕನಿಗೆ ನಾಚಿಕೆಯಾಗಿ "ನೋಡ್ರೆವ್ವಾ ನೋಡ್ರಿ, ಮುದುಕಿ ಹನಿಮೂನಿಗೆ ಹೊಂಟಾಳ" ಎಂದು ತಾವೇ ಕೂಗಿದರು. ಬೆನ್ನಿಗೆ ಮಾಸ್ತರರ ಎದೆ ಕುಲುಕಿದ್ದು ನನಗೆ ಗೊತ್ತಾಯಿತು. ಅವರು ನಗುತ್ತಿದ್ದರು.

ಅಟ್ಟದಿಂದ ಇಳಿಸಿದ ಹಳೆಯ ಬಿದಿರಿನ ಕೋಲಿಗೆ ನಾನು ಹೊಸ ದಾರ, ಹೊಸ ಗಾಳ ಕಟ್ಟಿದ್ದೆ. ಜೋಳದ ದಂಟಿನ ಬೆಂಡಿನ ತುಂಡು ನೀರ ಮೇಲೆ ತೇಲಲು. ಹಾಸುಬಂಡೆಯ ಮೇಲೆ ಮಡಿಚಿದ ಕಂಬಳಿ ಹಾಕಿ ಕೂರಿಸಿದೆವು. ಎಡಗೈಯಲ್ಲಿ ಕೋಲು ಹಿಡಿದು ಅವರು ದಾರ ಬಿಟ್ಟ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಚೆನ್ನಾಗಿ ಬೀಳಲಿಲ್ಲ, ಕಾಲ ಬುಡದಲ್ಲೇ ಬಿತ್ತು. ಆದರೆ ಮುಖದಲ್ಲಿ ಮಂಚದ ಮೇಲಿನ ಮನುಷ್ಯ ಇರಲಿಲ್ಲ.

ಅಂದಿನಿಂದ ಮಳೆ ಬಿಟ್ಟ ಸಂಜೆಗಳೆಲ್ಲ ಅಲ್ಲೇ. ಅಲ್ಲಿ ಇನ್ಯಾರೂ ಇರುತ್ತಿರಲಿಲ್ಲ ಎಂದಲ್ಲ. ಎಮ್ಮೆ ಮೈತೊಳೆಯುವವರು, ಬಟ್ಟೆ ಒಗೆಯುವವರು, ನಮ್ಮ ಹಾಗೆ ಗಾಳ ಹಿಡಿದ ಒಬ್ಬಿಬ್ಬರು. "ಮಾಸ್ತರ್ರ, ಆರಾಮೇನ್ರಿ?" ಎಂದು ಒಂದು ಮಾತು ಆಡಿ ತಮ್ಮ ಪಾಡಿಗೆ ಇರುತ್ತಿದ್ದರು. ದೇವಕ್ಕ ಬಂಡೆಯ ಮೇಲೆ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಂಡು ಊರ ಸುದ್ದಿ ಹೇಳುತ್ತಿದ್ದರು. ಮಾಸ್ತರರ ಕಣ್ಣು ಬೆಂಡಿನ ಮೇಲೆ. ಮೊದಲ ಜಿಲೇಬಿ ಮೀನು ಸಿಕ್ಕ ದಿನ ಬೆಂಡು ಮುಳುಗಿದ್ದೇ "ಅದ ಅದ ಅದ!" ಎಂದು ಕೂಗಿದರು. ಅದೊಂದು ಸಲ ಆ ಶಬ್ದ ಸರಿಯಾದ ಜಾಗಕ್ಕೆ ಬಿದ್ದಿತ್ತು. ಮೂವರೂ ನಕ್ಕೆವು. ಅಂಗೈ ಅಗಲದ ಮೀನು. ದೇವಕ್ಕ ಖಾರ ಸವರಿ, ಜೋಳದ ಹಿಟ್ಟು ಉದುರಿಸಿ ಹಂಚಿನ ಮೇಲೆ ಹುರಿದು ಮೂರು ಪಾಲು ಮಾಡಿದರು.

ಶ್ರಾವಣ ಬರುವ ಹೊತ್ತಿಗೆ ನಾನು ಒಂದು ಸಂಗತಿ ಗಮನಿಸಿದೆ. ಎಡಗೈಯಲ್ಲಿ ಕೋಲು ಹಿಡಿದಾಗ ಬಲಗೈ ತೊಡೆಯ ಮೇಲೆ ಸುಮ್ಮನಿರುತ್ತಿರಲಿಲ್ಲ. ಬೆರಳುಗಳು ದಾರದ ಕಡೆ ಹೊರಳುತ್ತಿದ್ದವು. ಒಂದು ಸಂಜೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ದಾರ ಸಿಕ್ಕಿಸಿಕೊಂಡು ಹಿಡಿದೇಬಿಟ್ಟರು. ನಾನು ದೇವಕ್ಕನಿಗೆ ಕಣ್ಣಲ್ಲೇ ತೋರಿಸಿದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು ಹಳ್ಳದ ಕಡೆ ಮುಖ ಮಾಡಿದರು. ಮನೆಗೆ ಬಂದ ಮೇಲೆ ನನಗೆ ಹೇಳಿದರು, "ಸಾಹೇಬ್ರ, ಮಾತೂ ಬಂದೀತು ಅಂತೀರೇನು?" "ಬರಬಹುದು ಅಕ್ಕ" ಎಂದೆ. ನನಗೇನು ಗೊತ್ತು? ಆದರೂ ನಂಬಿದ್ದೆ.

ಅದೇ ಶ್ರಾವಣದ ಒಂದು ಭಾನುವಾರ ಹೊರಗಿನ ಕೆಲವು ಹುಡುಗರು ಬೈಕಿನಲ್ಲಿ ಬಂದರು. ಅವರ ಹತ್ತಿರ ಡ್ರೋನ್ ಇತ್ತು. ಅದು ಜೇನ್ನೊಣದ ಹಾಗೆ ಗುಂಯ್ಯೆನ್ನುತ್ತ ಕೋಡಿಯ ಮೇಲೆ, ಗುಡ್ಡದ ಮೇಲೆ ಹಾರಾಡಿತು. ಊರ ಮಕ್ಕಳು ಅದರ ಹಿಂದೆ ಓಡಿದರು. ಮಾಸ್ತರರೂ ತಲೆಯೆತ್ತಿ ನೋಡಿ ಮೆಚ್ಚಿದರು. ಎರಡು ದಿನಕ್ಕೆ ನನ್ನ ಮೊಬೈಲಿಗೇ ಆ ವಿಡಿಯೊ ಬಂತು, ಯಾದಗಿರಿಯ ಗೆಳೆಯನೊಬ್ಬನಿಂದ. "ಇದು ನೀನಿರೋ ಊರಲ್ಲೇನೋ? ಇಷ್ಟು ಚಂದ ಅದಂತ ಹೇಳೇ ಇಲ್ಲಲ್ಲ!" ಮೇಲಿಂದ ತೆಗೆದ ಚಿತ್ರದಲ್ಲಿ ನಮ್ಮ ಕೋಡಿ ನಿಜಕ್ಕೂ ಯಾವುದೋ ದೊಡ್ಡ ಜಲಪಾತದ ಹಾಗೆ ಕಾಣುತ್ತಿತ್ತು. ಕೆಳಗೆ ಊರಿನ ಹೆಸರು, ಬರುವ ದಾರಿ.

ಮುಂದಿನ ಭಾನುವಾರ ಏರಿಯ ಮೇಲೆ ಬೈಕುಗಳ ಸಾಲು. ಅದರ ಮುಂದಿನ ವಾರ ಕಾರುಗಳು, ಕ್ರೂಸರ್ ಜೀಪುಗಳು. ಆಮೇಲೆ ವಾರದ ಲೆಕ್ಕವೇ ಉಳಿಯಲಿಲ್ಲ. ರಾಯಚೂರಿನವರು, ಕಲಬುರಗಿಯವರು, ಗಡಿಯಾಚೆಯ ತೆಲಂಗಾಣದವರು. ನೀರು ಬೀಳುವ ಮೆಟ್ಟಿಲ ಮೇಲೆ ನಿಲ್ಲಲು ಸರದಿ. ಕಾರಿನ ಬಾಗಿಲು ತೆರೆದಿಟ್ಟು ಹಾಕಿದ ಹಾಡುಗಳು ಒಂದರ ಮೇಲೊಂದು ಬಿದ್ದು ಯಾವುದೂ ತಿಳಿಯುತ್ತಿರಲಿಲ್ಲ. ಬಟ್ಟೆ ಒಗೆಯುವ ಹೆಂಗಸರು ಮೊದಲು ದೂರ ಸರಿದರು, ಆಮೇಲೆ ಬರುವುದನ್ನೇ ಬಿಟ್ಟರು. ಬಾಟಲಿಯ ಗಾಜು ತುಳಿದ ಎಮ್ಮೆಗಳನ್ನು ನನ್ನ ಹತ್ತಿರ ತರತೊಡಗಿದರು. ಗೊರಸಿನ ಸಂದಿನಿಂದ ಗಾಜಿನ ಚೂರು ಕಿತ್ತು ಕಿತ್ತು ನನಗೆ ಸಾಕಾಗಿ ಹೋಯಿತು.

ಗಾಳದವರೂ ಬಂದರು. ನಮ್ಮಂಥವರಲ್ಲ. ಮಡಚುವ ಕೋಲು, ದಾರ ಸುತ್ತುವ ಹೊಳೆಯುವ ಚಕ್ರ, ರಬ್ಬರಿನ ಬಣ್ಣದ ಮೀನು, ಮಡಚುವ ಕುರ್ಚಿ, ಐಸ್ ಪೆಟ್ಟಿಗೆ. ಮಡುವಿನ ಸುತ್ತ ಭುಜಕ್ಕೆ ಭುಜ ತಾಗಿಸಿ ಕೂತರು. ದಾರಕ್ಕೆ ದಾರ ಸಿಕ್ಕಿ ಜಗಳಗಳಾದವು. ಜಾಗ ಹಿಡಿಯಲು ಬೆಳಕು ಹರಿಯುವ ಮೊದಲೇ ಬಂದು ಟವೆಲ್ ಹಾಸಿ ಕಲ್ಲಿಡುತ್ತಿದ್ದರು. ಒಂದು ಸಂಜೆ ನಾವು ಹೋದಾಗ ಹಾಸುಬಂಡೆಯ ಮೇಲೆ ಒಂದು ಗುಂಪು ಕೂತಿತ್ತು. ಮಾಸ್ತರರು ಕೋಲೂರಿ ನಿಂತರು. ನಾನು ಹೋಗಿ, "ಇವರಿಗೆ ಕಾಲು ಬರೂದಿಲ್ರಿ, ಬ್ಯಾರೆ ಕಡೆ ಕೂಡಾಕ ಆಗಂಗಿಲ್ಲ, ಜರಾ ಸರೀತೀರೇನು?" ಎಂದೆ.

ಅವರಲ್ಲೊಬ್ಬ ಮರ್ಯಾದೆಯಿಂದಲೇ ಹೇಳಿದ, "ಅಣ್ಣಾ, ನಾವೂ ಅಷ್ಟು ದೂರದಿಂದ ಬಂದೀವಿ. ಇದು ಎಲ್ಲಾರ ಜಾಗ ಅಲ್ಲೇನ್ರಿ?"

ಕೆರೆ ನಮ್ಮ ಅಪ್ಪನದಲ್ಲ. ನಾನೂ ಹೊರಗಿನವನೇ. ಆ ದಿನ ವಾಪಸು ಬಂದೆವು. ಹಿಂಡಿಯ ಉಂಡೆಗಳನ್ನು ದೇವಕ್ಕ ಕೋಳಿಗಳಿಗೆ ಹಾಕಿದರು.

ಬೇರೆ ಜಾಗ ಹುಡುಕಿದೆ. ಕೆರೆಯ ಆಚೆ ದಡದಲ್ಲಿ ಜಾಲಿಮುಳ್ಳು, ಮೊಣಕಾಲುದ್ದ ಕೆಸರು. ಮಾಸ್ತರರ ಕಾಲು ಅಲ್ಲಿ ನಿಲ್ಲುವಂತಿರಲಿಲ್ಲ. ಹಳ್ಳದ ಕೆಳಗೆ ನೀರು ಜೋರು. ಬುಧವಾರ, ಗುರುವಾರ ಹೋಗಿ ನೋಡಿದೆವು. ಮಂದಿ ಕಡಿಮೆ ಇದ್ದರೂ ಇರುತ್ತಿದ್ದರು. ಆಸ್ಪತ್ರೆ ತೆರೆಯುವ ಮೊದಲು, ಮುಂಜಾನೆಯೇ ಹೋಗೋಣವೆಂದರೆ ಬಂಡೆಯ ಮೇಲೆ ಡೇರೆ ಹಾಕಿಕೊಂಡು ಮಲಗಿದವರು.

ಜಾಗ ಬಿಟ್ಟುಕೊಟ್ಟವರೂ ಇದ್ದರು. ಒಂದು ದಿನ ಗಂಡ ಹೆಂಡತಿ ಮತ್ತು ಕಾಲೇಜಿಗೆ ಹೋಗುವ ಮಗಳು, ಮಾಸ್ತರರನ್ನು ಕಂಡಕೂಡಲೇ ಎದ್ದು, "ಬರ್ರಿ ಅಜ್ಜಾ, ಕೂಡ್ರಿ" ಎಂದು ಕೈ ಹಿಡಿದು ಕೂರಿಸಿದರು. ಹನಿ ಬಿದ್ದಾಗ ಆ ಹುಡುಗಿ ತನ್ನ ಕೊಡೆ ಹಿಡಿದು ನಿಂತಳು. ದೇವಕ್ಕನಿಗೆ ಬಹಳ ಖುಷಿಯಾಯಿತು. ಹುಡುಗಿ ಮೊಬೈಲು ತೆಗೆದು, "ಅಜ್ಜಾ, ಒಂದು ವಿಡಿಯೊ ಮಾಡ್ಲೇನು?" ಎಂದಳು.

"ಅದ" ಎಂದರು ಮಾಸ್ತರರು. ಅವರು ಬೇಡವೆಂದರೋ ಹೂಂ ಎಂದರೋ ನನಗೂ ತಿಳಿಯಲಿಲ್ಲ. ಅವಳು ಹೂಂ ಎಂದುಕೊಂಡಳು.

ಅವಳದೇನೂ ತಪ್ಪಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಳು. ಒಂದು ಕೈ ಸ್ವಾಧೀನವಿಲ್ಲದ ಮುದುಕ ಗಾಳ ಹಾಕಿ ಕೂತ ಆ ವಿಡಿಯೊ, ಕೋಡಿಯ ವಿಡಿಯೊಗಿಂತ ಜೋರಾಗಿ ಓಡಿತು. ಯಾರೋ ಅದಕ್ಕೆ ಹಾಡು ಸೇರಿಸಿದರು. ಯಾರೋ "ಮೀನಜ್ಜ" ಎಂದು ಹೆಸರಿಟ್ಟರು. ಮುಂದಿನ ವಾರದಿಂದ ಹಾಸುಬಂಡೆ ನಮಗೆ ಖಾಲಿ ಸಿಗತೊಡಗಿತು. ಯಾಕೆಂದರೆ ಮಂದಿ ಈಗ ಮೀನಜ್ಜನನ್ನು ನೋಡಲು ಬರುತ್ತಿದ್ದರು.

ಮೊದಲೆರಡು ಸಲ ಮಾಸ್ತರರಿಗೆ ಏನೋ ಗೌರವ ಅನಿಸಿರಬೇಕು. ತಲೆ ಬಾಗಿಸಿ ಎಡಗೈಯಲ್ಲಿ ನಮಸ್ಕಾರ ಮಾಡಿದರು. ಆಮೇಲೆ ಬೆಂಡು ನೋಡಲೂ ಆಗದ ಹಾಗೆ ಸುತ್ತ ಕಾಲುಗಳು. ಮಗ್ಗುಲಿಗೆ ಕೂತು ಹೆಗಲ ಮೇಲೆ ಕೈ ಹಾಕುವವರು, ಟೊಪ್ಪಿಗೆ ತೊಡಿಸುವವರು, "ಅಜ್ಜಾ, ಈ ಕಡೆ ನೋಡ್ರಿ" ಎನ್ನುವವರು. ಪ್ರತಿಯೊಬ್ಬರೂ ಕೇಳಿಯೇ ತೆಗೆಯುತ್ತಿದ್ದರು. "ಒಂದು ಫೋಟೊ ಅಜ್ಜಾ?" "ಅದ… ಅದ…" "ಹೂಂ ಅಂದ್ರು ನೋಡ್ರಿ!" ನಾನು ಅಡ್ಡ ಹೋಗಿ, "ಅವರು ಹೂಂ ಅಂದಿಲ್ರಿ, ಅವರಿಗೆ ಅದೊಂದೇ ಮಾತು ಬರ್ತದ" ಎಂದು ಬಿಡಿಸಿ ಹೇಳುತ್ತಿದ್ದೆ. ಅದು ಕೇಳಿ ಅವರಿಗೆ ಇನ್ನಷ್ಟು ಕನಿಕರ ಬಂದು ಇನ್ನೊಂದು ಫೋಟೊ ತೆಗೆಯುತ್ತಿದ್ದರು.

ಮನೆಯಲ್ಲೇ ಉಳಿದರೆ ಆಗುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಉಳಿದು ನೋಡಿದೆವು. ಸಂಜೆಯಾದರೆ ಮಾಸ್ತರರು ತಾವೇ ಚಪ್ಪಲಿಯಲ್ಲಿ ಕಾಲಿಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದರು. ನೀರು ಬೇಕು, ಬಂಡೆ ಬೇಕು, ಆ ಮಂದಿ ಬೇಡ. ಒಂದನ್ನು ಬಿಟ್ಟು ಒಂದು ಸಿಗುವಂತಿರಲಿಲ್ಲ.

ನಾನು ಪಂಚಾಯ್ತಿಗೆ ಹೋದೆ. ಅಧ್ಯಕ್ಷೆಯ ಬದಲು ಅವರ ಗಂಡ ಶರಣಗೌಡರು ಮಾತಾಡಿದರು. ಒಳ್ಳೆಯವರೇ. ಚಹಾ ತರಿಸಿದರು.

"ಕಂಪೌಂಡರ್ರ, ಒಂದು ಮಾತು ಹೇಳ್ರಿ. ನಮ್ಮೂರಿಗೆ ಇಷ್ಟು ವರ್ಷದಾಗ ಯಾರಾರ ನೋಡಾಕಂತ ಬಂದಿದ್ರೇನು? ಈಗ ನೋಡ್ರಿ, ಮಿರ್ಚಿ ಭಜಿ ಕರಿಯೋರು, ಚಾ ಮಾಡೋರು, ಗಾಡಿ ಕಾಯೋರು, ಎಷ್ಟು ಮನಿ ಒಲಿ ಉರಿಯಾಕತ್ಯಾವ. ಹೆಂಗ ಬಂದ್ ಮಾಡ್ಲಿ?"

"ಬಂದ್ ಮಾಡಂತ ಹೇಳಾಕತ್ತಿಲ್ರಿ. ಆ ಬಂಡಿ ಸುತ್ತ ಒಂದು ಹಗ್ಗ ಕಟ್ಟಿಸ್ರಿ. ಮಾಸ್ತರ್ರಿಗೆ ಮಂದಿ ಕಾಟ ಕೊಡಬಾರದಷ್ಟ."

"ಹಗ್ಗ ಕಟ್ಟಿದ್ರ ಇನ್ನೂ ಹೆಚ್ಚು ಮಂದಿ ನಿಂತು ನೋಡ್ತಾರ" ಎಂದರು ಗೌಡರು. ಯೋಚಿಸಿದರೆ ಅದೂ ನಿಜವೇ. ಆಮೇಲೆ ಸಂಭ್ರಮದಿಂದ ತಮ್ಮ ಮೊಬೈಲು ತೋರಿಸಿದರು. ರಸ್ತೆಯ ಕ್ರಾಸಿನಲ್ಲಿ ಹಾಕಲು ಮಾಡಿಸಿದ ಬ್ಯಾನರಿನ ಚಿತ್ರ. ಕೋಡಿ, ಅದರ ಮುಂದೆ ನಗುತ್ತಿರುವ ಮಾಸ್ತರರು, ಮೇಲೆ ಸುಸ್ವಾಗತ. "ನಮ್ಮ ಮಾಸ್ತರ್ರಿಗೆ ಇದಕ್ಕಿಂತ ದೊಡ್ಡ ಮಾನ ಯಾವುದದ ಹೇಳ್ರಿ? ನನಗೂ ಅವರೇ ಮಗ್ಗಿ ಕಲಿಸ್ಯಾರ." ಅವರ ಕಣ್ಣು ನಿಜವಾಗಿ ತುಂಬಿತ್ತು. ನಾನು ಚಹಾ ಕುಡಿದು ಎದ್ದು ಬಂದೆ.

ನವರಾತ್ರಿಗೆ ಮುಂಚಿನ ಒಂದು ಭಾನುವಾರ. ಮೋಡ ಸರಿದು ಬಿಸಿಲು ಬಿದ್ದಿತ್ತು. ಏರಿಯ ಮೇಲೆ ಬೈಕು ನಡೆಸಲೂ ಜಾಗವಿರಲಿಲ್ಲ. ದೇವಕ್ಕ "ಇವತ್ತು ಬ್ಯಾಡ ನಡೀರಿ, ಮನಿಗೆ ಹೋಗೂನು" ಎಂದರು. ಮಾಸ್ತರರು ಕೋಲೂರಿ ಇಳಿದೇಬಿಟ್ಟರು. ಮಂದಿ ದಾರಿ ಮಾಡಿಕೊಟ್ಟು, ಕೆಲವರು ಸೀಟಿ ಹೊಡೆದು, ಅವರನ್ನು ಬಂಡೆಯವರೆಗೆ ಎತ್ತಿಕೊಂಡೇ ಹೋದರು. ನಾನೂ ದೇವಕ್ಕನೂ ಹಿಂದೆ ನೂಕಾಡುತ್ತ ಹೋದೆವು.

ಗಾಳ ಬಿಟ್ಟು ಸ್ವಲ್ಪ ಹೊತ್ತಾಗಿರಬೇಕು. ಚೆನ್ನಾಗಿ ಬಟ್ಟೆ ತೊಟ್ಟ ಒಬ್ಬ ತರುಣ, ತನ್ನ ಗಾಳಕ್ಕೆ ಸಿಕ್ಕಿದ್ದ ದೊಡ್ಡ ರೋಹು ಮೀನು ಹಿಡಿದುಕೊಂಡು ಬಂದ. ಅದಿನ್ನೂ ಬಡಿದಾಡುತ್ತಿತ್ತು.

"ಅಜ್ಜಾ, ಇದನ್ನ ನಿಮ್ಮ ಗಾಳಕ್ಕ ಸಿಗಸ್ತೀನಿ. ನೀವು ಎತ್ರಿ. ನೀವೇ ಹಿಡದಂಗ ಕಾಣ್ತದ. ಮಸ್ತ್ ಬರ್ತದ ನೋಡ್ರಿ ವಿಡಿಯೊ."

"ಅದ" ಎಂದರು ಮಾಸ್ತರರು. ತಲೆ ಅಡ್ಡ ಆಡಿಸಿದರು.

"ಹೂಂ ಅಂದ್ರು, ಹೂಂ ಅಂದ್ರು" ಎಂದು ಯಾರೋ ಕೂಗಿದರು. ತರುಣ ಅವರ ದಾರ ಎಳೆದುಕೊಂಡ. ದಾರ ಅವರ ಬಲಗೈ ಬೆರಳುಗಳ ನಡುವೆ ಇತ್ತು. ಇನ್ನೊಬ್ಬ ಆ ಕೈಯನ್ನೇ ಹಿಡಿದೆತ್ತಿ ಬೆರಳು ಬಿಡಿಸಿ ಕೋಲಿಗೆ ಸುತ್ತಿದ. "ಬಲಗೈಲೇ ಎತ್ತಲಿ, ಚಲೋ ಕಾಣ್ತದ." ನಾನು "ಕೈ ಬಿಡ್ರಿ, ಕೈ ಬಿಡ್ರಿ ಅವರದು" ಎಂದು ಚೀರುತ್ತ ಮುಂದೆ ನುಗ್ಗಿದೆ. ನನ್ನ ಮುಂದೆ ಎತ್ತಿ ಹಿಡಿದ ಮೊಬೈಲುಗಳ ಗೋಡೆ. ಮಾಸ್ತರರ ಮುಖ ಕೆಂಪಾಗಿತ್ತು. ತುಟಿ ನಡುಗಿತು. ಕೊರಳ ನರ ಉಬ್ಬಿತು. ಅದ ಎನ್ನುತ್ತಾರೆ ಎಂದುಕೊಂಡೆ.

"ಬ್ಯಾಡ" ಎಂದರು.

ಸ್ಪಷ್ಟವಾಗಿ, ಪಾಠ ಹೇಳುವವರ ದನಿಯಲ್ಲಿ. ಆ ದನಿಯನ್ನು ನಾನು ಅದುವರೆಗೆ ಕೇಳಿರಲೇ ಇಲ್ಲ. ದೇವಕ್ಕ ನನ್ನ ತೋಳು ಹಿಡಿದುಕೊಂಡರು. "ಯಪ್ಪಾ, ಮಾತಾಡಿದ್ರು. ಸಾಹೇಬ್ರ, ಇವರು ಮಾತಾಡಿದ್ರು!" ಎಂದು ಅಲ್ಲೇ ಕುಸಿದು ಅಳತೊಡಗಿದರು. ಒಂದು ಕ್ಷಣ ನನಗೂ ಎಲ್ಲ ಮರೆತುಹೋಗಿ ಕುಣಿಯಬೇಕೆನಿಸಿತು.

ದೇವಕ್ಕನ ಮಾತು ಸುತ್ತಲಿನವರಿಗೆ ಕೇಳಿಸಿತು. ವಿಷಯ ಹಿಂದಿನವರಿಗೆ ದಾಟಿತು. ಮಾತು ಬಾರದ ಅಜ್ಜ ಮಾತಾಡಿದರಂತೆ! ಚಪ್ಪಾಳೆ ಬಿದ್ದಿತು. ಸೀಟಿ. ಯಾರೋ ಜೈ ಎಂದರು. ಮೀನು ತಂದ ತರುಣನ ಕಣ್ಣಲ್ಲೂ ನೀರಿತ್ತು. ಮೊಬೈಲು ಹತ್ತಿರ ಹಿಡಿದು ಅವನೇ ಕೇಳಿದ:

"ಇನ್ನೊಮ್ಮೆ ಹೇಳ್ರಿ ಅಜ್ಜಾ. ಇನ್ನೊಮ್ಮೆ."

"ಬ್ಯಾಡ."

ಮತ್ತೆ ಚಪ್ಪಾಳೆ.

"ಬ್ಯಾಡ… ಬ್ಯಾಡ… ಬ್ಯಾಡ…"

ಅವರು ಅಂದಷ್ಟೂ ಮಂದಿ ಚಪ್ಪಾಳೆ ತಟ್ಟಿದರು. ಅವರು ಏನು ಹೇಳುತ್ತಿದ್ದಾರೆ ಎಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ನಾನು ಹೇಗೋ ಬಂಡೆ ತಲುಪಿ ಅವರನ್ನು ಎತ್ತಿಕೊಂಡೆ. ಗಾಳದ ಕೋಲು ಅಲ್ಲೇ ಬಿಟ್ಟು ಬಂದೆವು.

ಆ ವಿಡಿಯೊ ಎಲ್ಲಕ್ಕಿಂತ ಹೆಚ್ಚು ಓಡಿತು. ಮೀನು ಹಿಡಿಯುತ್ತ ಮಾತು ಮರಳಿ ಪಡೆದ ಅಜ್ಜ. ಕೋಡಿಯ ನೀರಿನಲ್ಲೇ ಏನೋ ಗುಣವಿದೆ ಎಂದೂ ಹಬ್ಬಿತು. ಬಾಟಲಿಯಲ್ಲಿ ತುಂಬಿಕೊಂಡು ಹೋದರು. ಮನೆ ಹುಡುಕಿಕೊಂಡು ಬಂದವರಿಗೆ ದೇವಕ್ಕ ಮೊದಲು ನೀರು ಕೊಟ್ಟು ಮಾತಾಡಿಸಿದರು, ಆಮೇಲೆ ಬಾಗಿಲು ಹಾಕಿಕೊಂಡರು. ಬಾಗಿಲು ಹಾಕಿದರೆ ಕಿಟಕಿಗೆ ಬಂದರು. ನಾನು ಪೊಲೀಸರಿಗೆ ಫೋನ್ ಮಾಡಿದಾಗ ಒಮ್ಮೆ ಬಂದು ಮಂದಿಯನ್ನು ಚದುರಿಸಿ ಹೋದರು. ದಿನಾ ಬರಲು ಅವರಿಗಾದರೂ ಎಲ್ಲಿ ಆಗುತ್ತದೆ?

ಮಾಸ್ತರರು ಮತ್ತೆ ಬಾಗಿಲಲ್ಲಿ ನಿಲ್ಲಲಿಲ್ಲ. ಬಲಗೈ ಎದೆಗೆ ಅವುಚಿಕೊಂಡು ಮಲಗುತ್ತಿದ್ದರು. ಬೆರಳು ಮೊದಲಿನ ಹಾಗೆ ಮುದುಡಿದವು.

ಚಳಿಗಾಲದಲ್ಲಿ ಕೋಡಿ ನಿಂತಿತು. ನೀರು ಬೀಳುವುದು ನಿಂತಕೂಡಲೇ ಮಂದಿಯೂ ನಿಂತರು. ಬಂದ ಹಾಗೆಯೇ ಹೋದರು. ಭಜಿ ಅಂಗಡಿಗಳು ಎದ್ದವು. ತೊಗರಿ ರಾಶಿಯ ಹೊತ್ತಿಗೆ ಕೆರೆಯ ಹತ್ತಿರ ಹೋಗಿ ನೋಡಿದೆ. ಪ್ಲಾಸ್ಟಿಕ್ ತಟ್ಟೆ, ಡಯಪರ್, ಗಾಜು, ಮುಳ್ಳುಕಂಟಿಗೆ ಸಿಕ್ಕಿದ ಹರಿದ ದಾರ. ಆದರೂ ಹಾಸುಬಂಡೆ ಖಾಲಿಯಿತ್ತು, ಮಡುವಿನಲ್ಲಿ ನೀರಿತ್ತು, ಮೀನುಗಳು ಬಾಯಿ ತೆರೆದು ನೀರ ಮೇಲೆ ಗುಳ್ಳೆ ಬಿಡುತ್ತಿದ್ದವು. ಓಡಿಬಂದು ಹೇಳಿದೆ.

"ಸರ್, ಯಾರೂ ಇಲ್ರಿ ಈಗ. ಒಬ್ಬರೂ ಇಲ್ಲ. ಹೋಗೂನೇನ್ರಿ?"

"ಬ್ಯಾಡ" ಎಂದರು.

ಆಗಲೇ ನನ್ನ ಲಕ್ಷ್ಯಕ್ಕೆ ಬಂದದ್ದು. ಕೆಲವು ದಿನಗಳಿಂದ ಅವರ ಬಾಯಲ್ಲಿ ಅದ ಎಂಬುದನ್ನು ಕೇಳಿಯೇ ಇರಲಿಲ್ಲ. ದೇವಕ್ಕ ಒಲೆಯ ಮುಂದೆ ಕೂತು ಮೆಲ್ಲಗೆ ಹೇಳಿದರು, "ಆ ಮಾತು ಹೋಗ್ಯದರಿ. ಈಗ ಇದೊಂದೇ. ನೀರು ಕುಡೀತೀರೇನು ಅಂದ್ರ ಬ್ಯಾಡ. ಉಣ್ತೀರೇನು ಅಂದ್ರ ಬ್ಯಾಡ. ಮೊದಮೊದಲು ನಾನೂ ಖರೇ ಅಂತ ಎದ್ದು ಹೋಗ್ತಿದ್ದೆ, ಪಾಪ ಹಸಕೊಂಡೇ ಇರ್ತಿದ್ರು. ಈಗ ಕೇಳೂದು ಬಿಟ್ಟೀನಿ. ಸುಮ್ಮನ ಮುಂದ ಇಡ್ತೀನಿ. ತಿಂತಾರ."

ಮರುವರ್ಷ ಮಳೆ ಹಿಡಿಯುವ ಮೊದಲೇ ನನಗೆ ಯಾದಗಿರಿ ಕಡೆ ವರ್ಗವಾಯಿತು. ಸಾಮಾನು ಟೆಂಪೊದಲ್ಲಿ ಹಾಕಿ ಪಡಸಾಲೆಗೆ ಹೋದೆ. ದೇವಕ್ಕ ಬುತ್ತಿ ಕಟ್ಟುತ್ತಿದ್ದರು. ಮಾಸ್ತರರು ಮಂಚದ ಮೇಲೆ ಎದ್ದು ಕೂತಿದ್ದರು. ಕಾಲು ಮುಟ್ಟಿದೆ.

"ಬರ್ತೀನ್ರಿ ಸರ್."

"ಬ್ಯಾಡ" ಎಂದರು.

ಹೋಗಬೇಡ ಎಂದದ್ದೋ, ಉಳಿದ ಒಂದೇ ಮಾತು ಬಾಯಿಗೆ ಬಂದದ್ದೋ, ಅಥವಾ ಮತ್ತೆ ಬರಬೇಡ ಎಂದದ್ದೋ. ಮುಖ ನೋಡಿದೆ. ಅವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಹೊರಗೆ ಟೆಂಪೊದವನು ಹಾರ್ನ್ ಹೊಡೆದ. ನಾನು ಅವರ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತು, ಆಮೇಲೆ ಹೊರಗೆ ಬಂದೆ.